ಮೋರಿ ಸಾಹೇಬರ ಮೊಮ್ಮಗ

ನನ್ನ ಯಜಮಾನರ ಕೆಲಸ ಊರಿನ ಮೋರಿ ನೀರು ಪರೀಕ್ಷೆ ಮಾಡುವುದು. ನಗಬೇಡಿ, ಸರ್ಕಾರದ ದೊಡ್ಡ ಲ್ಯಾಬು ಅದು, ಅದಕ್ಕೆ ಇವರೇ ಮುಖ್ಯಸ್ಥರು. ಕೈಕೆಳಗೆ ಒಂದಷ್ಟು ಜನ, ಒಂದು ವ್ಯಾನು, ಮ್ಯಾನ್‌ಹೋಲಿನ ಮುಚ್ಚಳ ಎತ್ತುವುದಕ್ಕೆಂದೇ ಕಬ್ಬಿಣದ ಕೊಕ್ಕೆಗಳು, ಎಲ್ಲ ಉಂಟು. ನಮ್ಮ ಬೀದಿಯವರು ಇವರನ್ನು ಮೋರಿ ಸಾಹೇಬರು ಅನ್ನುತ್ತಾರೆ. ಎದುರಿಗೆ ಸಾಹೇಬರು, ಬೆನ್ನ ಹಿಂದೆ ಮೋರಿ. ಕೈ ಕೆಸರಾದರೆ ಬಾಯಿ ಮೊಸರು ಅನ್ನುವ ಗಾದೆ ಯಾರನ್ನು ನೋಡಿ ಮಾಡಿದರೋ ಗೊತ್ತಿಲ್ಲ, ನಮ್ಮ ಮನೆಯಲ್ಲಿ ಮಾತ್ರ ಅದು ನಡೆಯುವುದಿಲ್ಲ. ಮೊಣಕೈವರೆಗೆ ಸೋಪು ಹಾಕಿ ತಿಕ್ಕಿಕೊಂಡು ಬರದೆ ನಾನು ಅವರ ಮುಂದೆ ತಟ್ಟೆ ಇಡುವವಳಲ್ಲ.

"ಮನುಷ್ಯ ಡಾಕ್ಟರ್ ಹತ್ತಿರ ಸುಳ್ಳು ಹೇಳ್ತಾನೆ, ಹೆಂಡತಿ ಹತ್ತಿರ ಹೇಳ್ತಾನೆ. ಪಾಯಿಖಾನೆ ಹತ್ತಿರ ಮಾತ್ರ ಹೇಳೋಕಾಗಲ್ಲ" ಎನ್ನುವುದು ಅವರಿಗೆ ಬಹಳ ಇಷ್ಟದ ಮಾತು. ಊಟದ ಹೊತ್ತಿಗೂ ಹೇಳುತ್ತಾರೆ. ಹೊಸ ರೋಗ ಊರಿಗೆ ಕಾಲಿಟ್ಟರೆ ಆಸ್ಪತ್ರೆಗೆ ತಿಳಿಯುವ ಮುಂಚೆ ಮೋರಿಗೆ ತಿಳಿಯುತ್ತದಂತೆ. ಊರಾಚೆಯ ದೊಡ್ಡ ತೊಟ್ಟಿಯಲ್ಲಿ ಏನಾದರೂ ಸಿಕ್ಕಿದರೆ ಇವರು ನೀರು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತಾರೆ. ದೊಡ್ಡ ಕಾಲುವೆ, ಅದಕ್ಕೆ ಸೇರುವ ಸಣ್ಣ ಕಾಲುವೆ, ಆಮೇಲೆ ಬಡಾವಣೆ, ಆಮೇಲೆ ಬೀದಿ. ಒಂದೊಂದು ಮುಚ್ಚಳ ತೆಗೆಯುವುದು, ಸೀಸೆಯಲ್ಲಿ ನೀರು ಹಿಡಿಯುವುದು, ಮುಂದಿನ ಮುಚ್ಚಳಕ್ಕೆ ಹೋಗುವುದು. ಆದರೆ ಬೀದಿಯ ಮೂಲೆಗೆ ಬಂದು ನಿಂತುಬಿಡಬೇಕು. "ಬೀದಿವರೆಗೆ ನಮ್ಮ ಕೆಲಸ, ಬಾಗಿಲವರೆಗೆ ಅಲ್ಲ. ಬಾಗಿಲು ತಟ್ಟಿದ್ರೆ ಜನ ಹೆದರಿ ಮುಚ್ಚಿಡ್ತಾರೆ" ಎಂದು ಆ ನಿಯಮ ಮಾಡಿದವರೂ ಇವರೇ.

ಎರಡನೆಯ ನಿಯಮವೂ ಇವರದ್ದೇ. ಖಾತ್ರಿಯಾಗದೆ ಬಾಯಿ ಬಿಡಬಾರದು. ಒಮ್ಮೆ ಪರೀಕ್ಷೆ ಮಾಡಿದ್ದನ್ನು ಇನ್ನೊಮ್ಮೆ ಮಾಡಬೇಕು, ಆಮೇಲೆ ಪರದೇಶದ ಇನ್ನೂ ದೊಡ್ಡ ಲ್ಯಾಬಿಗೆ ಕಳಿಸಬೇಕು, ಅವರು ಹೌದು ಅಂದಮೇಲೆ ಇವರು ಹೌದು ಅನ್ನಬೇಕು. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದವರು ಒಪ್ಪಿಗೆ ತಿಳಿಸುವುದಕ್ಕೂ ಅಷ್ಟೇ ಎಳೆದಾಡಿದ್ದರು. ನಮ್ಮಪ್ಪ ಬೇರೆ ಕಡೆ ಮಾತಾಡಿ ಮುಗಿಸುವುದರಲ್ಲಿದ್ದರು, ಅಷ್ಟರಲ್ಲಿ ಇವರ ಖಾತ್ರಿ ಬಂತು.

ಈ ಎರಡನೆಯ ನಿಯಮವೇ ನನ್ನ ಮನೆ ಮುರಿದದ್ದು.

ನಮಗಿರುವುದು ಒಬ್ಬಳೇ ಮಗಳು. ಚಿಕ್ಕವಳಿದ್ದಾಗಲೇ ಎಲ್ಲರಿಗೂ ಅಪ್ಪಣೆ ಮಾಡುತ್ತಿದ್ದಳು ಎಂದು ಇವರು ಅವಳನ್ನು ಮೇಡಮ್ಮು ಅಂತ ಕರೆಯುತ್ತಿದ್ದರು. ಓದಿ ಅಪ್ಪನ ಲ್ಯಾಬಿಗೇ ಸೇರಿದಳು. ಲ್ಯಾಬು ಕಂಡುಹಿಡಿದದ್ದನ್ನು ಜನರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಪತ್ರಿಕೆಗೆ, ರೇಡಿಯೋಗೆ ಕೊಡುವುದು ಅವಳ ಕೆಲಸ. ಒಂದು ಸಲ ಮಾರುಕಟ್ಟೆಯ ಮೋರಿಯಲ್ಲಿ ವಾಂತಿಭೇದಿಯ ಕೀಟಾಣುವಿನ ಸುಳಿವು ಸಿಕ್ಕಿತು. ಇವರು ಇನ್ನೊಮ್ಮೆ ಪರೀಕ್ಷೆಯಾಗಲಿ ಅಂದರು. ಅವಳು ಅಲ್ಲಿವರೆಗೆ ಜನ ಆ ಕಡೆಯ ನಲ್ಲಿ ನೀರು ಕುಡಿಯುತ್ತಾ ಇರಬೇಕಾ ಅಂದಳು. ಇವರು ಸುಮ್ಮನಿರು ಅಂದರು. ಅವಳು ಸುಮ್ಮನಿರದೆ ಅದೇ ಸಂಜೆ ರೇಡಿಯೋದಲ್ಲಿ "ನೀರು ಕುದಿಸಿ ಕುಡಿಯಿರಿ" ಎಂದು ಹೇಳಿಸಿಬಿಟ್ಟಳು. ಮಾರುಕಟ್ಟೆ ಬಾಗಿಲು ಹಾಕಿತು, ವ್ಯಾಪಾರಿಗಳು ಲ್ಯಾಬಿನ ಮುಂದೆ ಬಂದು ಕೂತರು, ಇವರು ಮೇಲಿನವರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಆ ಗಲಾಟೆಯಲ್ಲಿ ಎರಡನೇ ಪರೀಕ್ಷೆಯ ಸೀಸೆ ಯಾರದೋ ಕೈ ತಾಗಿ ಒಡೆದುಹೋಯಿತು. ಕೊನೆಗೆ ಊರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ.

ನಿಜವಾದ ಜಗಳ ಹುಟ್ಟಿದ್ದು ಅಲ್ಲಿಂದ. "ನಾನು ಹೇಳಿದ್ದಕ್ಕೇ ಏನೂ ಆಗಲಿಲ್ಲ" ಅಂತ ಮಗಳು, "ಏನೂ ಇರಲಿಲ್ಲ, ಅದಕ್ಕೇ ಏನೂ ಆಗಲಿಲ್ಲ" ಅಂತ ಅಪ್ಪ. ಇಬ್ಬರ ಕೈಯಲ್ಲೂ ಒಂದೇ ಸಾಕ್ಷಿ! ತೀರ್ಪು ಹೇಳುವವರು ಯಾರು? ಮಾತಿಗೆ ಮಾತು ಬೆಳೆದು ಇವರು "ನಾನು ಕರೆಯೋವರೆಗೂ ಈ ಮನೆ ಹೊಸ್ತಿಲು ತುಳೀಬೇಡ" ಅಂದುಬಿಟ್ಟರು, ಅವಳು "ನೀವಾಗಿ ಕರೆಯದೆ ತುಳಿಯೋದೂ ಇಲ್ಲ" ಅಂದು ಪೆಟ್ಟಿಗೆ ಎತ್ತಿಕೊಂಡಳು. ಹಠದಲ್ಲಿ ಅಪ್ಪನದೇ ಅಚ್ಚು. ಸಮುದ್ರದಾಚೆಯ ದೇಶವೊಂದರಲ್ಲಿ, ಹೊಸ ರೋಗಗಳು ಎಲ್ಲಿ ತಲೆ ಎತ್ತುತ್ತವೆ ಎಂದು ಕಾಯುವ ತಂಡದಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಜೊತೆಗಾರನನ್ನು ಮದುವೆಯಾದಳು. ಗಂಡು ಮಗುವೂ ಆಯಿತು. ನಾನು ಫೋನಿನಲ್ಲಿ ಬಂದ ಸುದ್ದಿಯನ್ನೆಲ್ಲ ಗೋಡೆಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದೆ. ಇವರು ಪೇಪರಿನ ಹಿಂದೆ ಮುಖ ಇಟ್ಟುಕೊಂಡು ಒಂದೇ ಪುಟವನ್ನು ಅರ್ಧ ಗಂಟೆ ಓದುತ್ತಿದ್ದರು.

ಹೀಗಿರುವಾಗ ಮಗಳು ಮಗುವನ್ನು ಎತ್ತಿಕೊಂಡು ರಜೆಗೆ ಬಂದಳು. ಅಳಿಯನಿಗೆ ರಜೆ ಸಿಕ್ಕಿರಲಿಲ್ಲ, ತಿಂಗಳ ಕೊನೆಗೆ ಬರುವವನಿದ್ದ. ಬಂದದ್ದು ನನ್ನ ಮನೆಗಲ್ಲ, ಪಕ್ಕದ ಮನೆಯ ಟೈಲರಕ್ಕನ ಮಹಡಿಗೆ. ಟೈಲರಕ್ಕ ನನ್ನ ಗೆಳತಿ. ಅವಳ ಹೊಲಿಗೆ ಮಿಷನ್ನು ನಿಂತರೂ ಬಾಯಿ ನಿಲ್ಲುವುದಿಲ್ಲ, ಆದರೂ ಈ ವಿಷಯದಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಳು ಪುಣ್ಯಾತ್ಗಿತ್ತಿ. ಇವರು ಬೆಳಿಗ್ಗೆ ವ್ಯಾನು ಹತ್ತಿದ ತಕ್ಷಣ ಮಗಳು ಮಗುವಿನ ಜೊತೆ ನಮ್ಮ ಮನೆಗೆ ಬರುತ್ತಿದ್ದಳು, ಹಿಂಬಾಗಿಲಿನಿಂದ. "ಹೊಸ್ತಿಲು ಅಂದಿದ್ದು ಮುಂದಿನ ಬಾಗಿಲದ್ದು ತಾನೇ? ಇಲ್ಲಿ ಹೊಸ್ತಿಲೇ ಇಲ್ಲ ನೋಡು" ಎಂದು ಹಿತ್ತಲಿನ ಮೆಟ್ಟಿಲು ತೋರಿಸಿ ನಗುತ್ತಿದ್ದಳು. ಇವರು ವಾಪಸ್ ಬರುವ ಮುಂಚೆ ಹೋಗಿಬಿಡುತ್ತಿದ್ದಳು. ಅಪ್ಪನ ಮುಂದೆ ಬಾಯಿ ಬಿಡುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ನಾನು ನೆಲ ಒರೆಸಿ, ಗಿಲಕಿ ಅಡಗಿಸಿ, ಏನೂ ಅರಿಯದವಳ ಹಾಗೆ ಕೂತಿರುತ್ತಿದ್ದೆ. ಊರಿನ ರೋಗವನ್ನೆಲ್ಲ ಕಂಡುಹಿಡಿಯುವ ಮನುಷ್ಯನಿಗೆ ತನ್ನ ಮನೆಯ ಹಾಸಿಗೆಯ ಮೇಲಿನ ಪೌಡರಿನ ವಾಸನೆ ತಿಳಿಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಮೊಮ್ಮಗನನ್ನು ಏನೆಂದು ಹೇಳಲಿ! ದುಂಡಗೆ ಇದ್ದ, ಗುಂಡ ಅಂತಲೇ ಕರೆದೆ. ಎತ್ತಿಕೊಂಡರೆ ನನ್ನ ಕನ್ನಡಕಕ್ಕೇ ಕೈ ಹಾಕುತ್ತಿದ್ದ. ನಕ್ಕರೆ ಇವರದೇ ಗಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಸಂತೋಷದ ಜೊತೆಗೇ ಸಿಟ್ಟು ಬರುತ್ತಿತ್ತು, ಇಷ್ಟು ಚಂದದ ಮಗುವನ್ನು ಕದ್ದ ಮಾಲಿನ ಹಾಗೆ ಆಡಿಸಬೇಕಲ್ಲ ಎಂದು.

ಮಗಳು ಮಗುವಿಗೆ ಅಂಗಡಿಯ ಡಯಾಪರ್ ಹಾಕುತ್ತಿದ್ದಳು. ಅದನ್ನು ಚೀಲದಲ್ಲಿ ಕಟ್ಟಿ ಕಸದ ಬುಟ್ಟಿಗೆ ಹಾಕುವುದು. ಗುಂಡನ ತೊಡೆಯೆಲ್ಲ ಕೆಂಪಗೆ ಬೆಂದಿತ್ತು. ನಾನು ಹಳೆಯ ಹತ್ತಿ ಬಟ್ಟೆ ಹರಿದು ಚೌಕ ಮಾಡಿ ಕಟ್ಟಿದೆ. ಅವಳು "ಅಮ್ಮಾ, ಬೇಡ. ಬಟ್ಟೆ ಒಗೆದ್ರೆ ಅಪ್ಪನಿಗೆ ಗೊತ್ತಾಗುತ್ತೆ" ಅಂದಳು. ನಾನು ಅಂದುಕೊಂಡದ್ದು, ಹಗ್ಗದ ಮೇಲೆ ಒಣಗುವ ಬಟ್ಟೆ ಅಪ್ಪನ ಕಣ್ಣಿಗೆ ಬೀಳುತ್ತದೆ ಅನ್ನುತ್ತಿದ್ದಾಳೆ ಎಂದು. ಅಷ್ಟೂ ಬುದ್ಧಿ ಇಲ್ಲವೇ ನನಗೆ? ನಮ್ಮ ಬಚ್ಚಲಲ್ಲಿ ಒಗೆದು, ಟೈಲರಕ್ಕನ ಮಹಡಿಯಲ್ಲಿ ಒಣಹಾಕಿದೆ. ಮಗಳು ಮಧ್ಯಾಹ್ನ ಮಲಗಿದಾಗ ಒಗೆಯುತ್ತಿದ್ದೆ, ಅವಳು ಏಳುವ ಹೊತ್ತಿಗೆ ಮಗುವಿಗೆ ಮತ್ತೆ ಡಯಾಪರ್ ಹಾಕಿರುತ್ತಿದ್ದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಗುಂಡನ ತೊಡೆ ವಾಸಿಯಾಯಿತು.

ಒಂದು ಸಂಜೆ ಇವರು ಬಹಳ ಉತ್ಸಾಹದಲ್ಲಿ ಮನೆಗೆ ಬಂದರು. ಬೇಟೆಗೆ ಹೊರಟವರ ಮುಖ.

"ಸಿಕ್ತು ಕಣೇ. ದೊಡ್ಡ ತೊಟ್ಟೀಲಿ ಪೋಲಿಯೋ ವೈರಸ್ಸು!"

"ಅಯ್ಯೋ, ಅದು ಹೋಗಿ ಎಷ್ಟೋ ಕಾಲ ಆಯ್ತಲ್ರೀ" ಅಂದೆ.

"ಅದಕ್ಕೇ ಹೇಳಿದ್ದು. ಎಲ್ಲಿಂದ ಬಂತು ನೋಡಬೇಕು."

ಮುಂದಿನ ಸಂಜೆಗಳಲ್ಲೆಲ್ಲ ಅದೇ ಮಾತು. ಪೂರ್ವದ ಕಾಲುವೆಯಲ್ಲಿದೆ, ಪಶ್ಚಿಮದ್ದರಲ್ಲಿಲ್ಲ. ಆಮೇಲೆ, ಆಟದ ಮೈದಾನದಿಂದ ಈಚೆ ಇದೆ, ಆಚೆ ಇಲ್ಲ. ನಾನು ಒಳ್ಳೆಯ ಧಾರಾವಾಹಿ ಕೇಳಿದ ಹಾಗೆ ಕೇಳುತ್ತಾ ಬಡಿಸುತ್ತಿದ್ದೆ. ಹೀಗೆ ಒಂದು ದಿನ ತುತ್ತು ಬಾಯಿಗಿಟ್ಟುಕೊಂಡು ಹೇಳಿದರು:

"ಅದು ಹನಿಯಲ್ಲಿರೋ ವೈರಸ್ಸಿನ ಹಾಗಿದೆ. ಮಕ್ಕಳ ಬಾಯಿಗೆ ಹಾಕ್ತಾರಲ್ಲ, ಲಸಿಕೆ ಹನಿ. ಅದರಲ್ಲಿರೋದು ಬಡಕಲು ವೈರಸ್ಸು, ತೊಂದರೆ ಇಲ್ಲ. ಹನಿ ಹಾಕಿಸ್ಕೊಂಡ ಮಗು ಕೆಲವು ವಾರ ಅದನ್ನ ಹೊರಗೆ ಹಾಕುತ್ತೆ. ಆದ್ರೆ ಈ ಬಗೆ ವೈರಸ್ಸಿರೋ ಹನಿ ನಮ್ಮಲ್ಲಿ ಈಗ ಯಾರೂ ಹಾಕಲ್ಲ, ಇದಕ್ಕೆ ಬರೀ ಚುಚ್ಚುಮದ್ದು. ಅಂದ್ಮೇಲೆ ಹೊರದೇಶದಿಂದ ಒಂದು ಮಗು ಬಂದಿರಬೇಕು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಬಚ್ಚಲ ಕಡೆ ನೋಡಿದೆ.

"ಒಂದೇ ಮಗು ಆದ್ರೆ ಸರಿ" ಎಂದು ಅವರು ಮುಂದುವರಿಸಿದರು. "ಆದ್ರೆ ಮಗುವಿಂದ ಮಗುವಿಗೆ ತಿಂಗಳುಗಟ್ಟಲೆ ಹರಡ್ತಾ ಇದ್ರೆ, ಆ ಬಡಕಲು ವೈರಸ್ಸೇ ಬದಲಾಗಿ ಬಲ ತಗೊಳ್ಳುತ್ತೆ. ಆಗ ಮಕ್ಕಳ ಕಾಲು ಹೋಗುತ್ತೆ. ಯಾವುದು ಅಂತ ಪರದೇಶದ ಲ್ಯಾಬೇ ಹೇಳಬೇಕು. ಕಳಿಸಿದ್ದೀನಿ."

ಮರುದಿನ ಮಗಳು ಬರುವುದನ್ನೇ ಕಾಯುತ್ತಿದ್ದು ಕೇಳಿದೆ. "ಗುಂಡನಿಗೆ ಹನಿ ಹಾಕಿಸಿದ್ಯಾ?"

"ಹೊರಡೋ ಮುಂಚೆ ಹಾಕಿಸಿದ್ದೆ, ಅಲ್ಲಿ ಎಲ್ಲ ಮಕ್ಕಳಿಗೂ ಹಾಕ್ತಿದ್ರು. ಯಾಕೆ?" ಎಂದವಳು ನನ್ನ ಮುಖ ನೋಡಿ ನಿಂತಳು. "ಅಮ್ಮಾ. ಬಟ್ಟೆ ಒಗೆದ್ಯಾ?"

"ಒಣಗಿಸಿದ್ದು ಇಲ್ಲಲ್ಲ! ಟೈಲರಕ್ಕನ ಮಹಡೀಲಿ!"

ಅವಳು ಹಣೆ ಚಚ್ಚಿಕೊಂಡಳು, ಆಮೇಲೆ ಕುರ್ಚಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪ ಊರಿಡೀ ಮುಚ್ಚಳ ತೆಗೆಸಿ ತನ್ನ ಮೊಮ್ಮಗನನ್ನೇ ಹುಡುಕುತ್ತಿದ್ದಾರೆ ಅನ್ನುವುದು ಅವಳಿಗೆ ತಡೆಯಲಾರದ ತಮಾಷೆಯಾಗಿ ಕಂಡಿತು. ನಗು ನಿಂತಮೇಲೆ ನಾನು "ಹೋಗಿ ಹೇಳಿಬಿಡೋಣ್ವಾ?" ಅಂದೆ.

"ಬೇಡ. ಇನ್ಮೇಲೆ ಒಗೀಬೇಡ, ತಾನಾಗೇ ಕಡಿಮೆ ಆಗುತ್ತೆ. ಲ್ಯಾಬಿನವರು ಇದು ಹೊಸ ಥರದ ಹನಿ, ಬಲ ತಗೊಳ್ಳಲ್ಲ, ಹೆದರಬೇಡಿ ಅಂತ ಬರೀತಾರೆ, ಮುಗೀತು."

"ಅಷ್ಟರೊಳಗೆ ನಿಮ್ಮಪ್ಪ ಊರಿಗೆಲ್ಲ ಹೇಳಿದ್ರೆ?"

"ಅಪ್ಪನಾ? ಖಾತ್ರಿ ಆಗದೇನಾ?" ಮಗಳ ಧ್ವನಿಯಲ್ಲಿ ಹಳೆಯ ಸಿಟ್ಟು ಇಣುಕಿತು. "ಅವರು ಕಾಯ್ತಾರೆ ಬಿಡು. ಅದೊಂದರಲ್ಲಿ ನನಗೆ ಪೂರ್ತಿ ನಂಬಿಕೆ."

ಹಾಗೆಂದು ಅವಳು ಒಂದನ್ನೂ ಬಿಡದೆ ತಾನೇ ಚೀಲ ಕಟ್ಟಿ ಕಸಕ್ಕೆ ಹಾಕಲು ಶುರುಮಾಡಿದಳು. ನಾನು ಒಂದು ಇಡೀ ದಿನ ಯೋಚಿಸಿದೆ. ಇವಳು ಹೇಳುವವಳಲ್ಲ, ಅವರು ಕೇಳುವವರಲ್ಲ. ರಜೆ ಮುಗಿಯುತ್ತದೆ, ಮಗು ಹೊರಟುಹೋಗುತ್ತದೆ, ಅಜ್ಜನ ತೊಡೆಯ ಮೇಲೆ ಒಂದು ಸಲವೂ ಕೂರದೆ ಹೋಗುತ್ತದೆ. ನಾನು ಬಾಯಿ ಬಿಟ್ಟರೆ ಮಗಳಿಗೆ ಕೊಟ್ಟ ಮಾತು ತಪ್ಪುತ್ತದೆ. ಆದರೆ ನಾನು ಮಾತು ಕೊಟ್ಟದ್ದು ಬಾಯಿ ಬಿಡುವುದಿಲ್ಲ ಎಂದು, ಬಚ್ಚಲು ತೊಳೆಯುವುದಿಲ್ಲ ಎಂದಲ್ಲ. ಅವರು ಬೀದಿ ಬೀದಿ ದಾಟಿ ಮನೆಯ ಹತ್ತಿರಕ್ಕೇ ಬರುತ್ತಿದ್ದಾರೆ, ಇನ್ನೊಂದು ಸ್ವಲ್ಪ ಬರಲಿ! ಮಗಳು ಮಲಗಿದ ಮೇಲೆ ನಾನು ಬಟ್ಟೆ ಒಗೆದೆ. ಹಿಂದಿಗಿಂತ ಧಾರಾಳವಾಗಿ, ಬಕೆಟ್ಟು ಬಕೆಟ್ಟು ನೀರು ಹಾಕಿ ಒಗೆದೆ. ಚೀಲದೊಳಗಿನ ಡಯಾಪರನ್ನೂ ಬಿಡಲಿಲ್ಲ.

ಆಮೇಲಿನ ವಾರ, ನಡುಮಧ್ಯಾಹ್ನ. ಮಗಳು ಬಚ್ಚಲಿನಲ್ಲಿ ಗುಂಡನಿಗೆ ಸ್ನಾನ ಮಾಡಿಸುತ್ತಿದ್ದಳು. ಮನೆ ಮುಂದೆ ವ್ಯಾನು ನಿಂತ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಇವರು, ಕೊಕ್ಕೆ ಹಿಡಿದ ಡ್ರೈವರು, ರಬ್ಬರಿನ ಬೂಟು ಹಾಕಿದ ಇಬ್ಬರು. ನಮ್ಮದು ಬೀದಿಯ ಮೊದಲ ಮನೆ, ಮೂಲೆಯ ಮ್ಯಾನ್‌ಹೋಲು ನಮ್ಮ ಗೇಟಿನ ಎದುರಿಗೇ ಇದೆ. ಮುಚ್ಚಳ ಎದ್ದಿತು, ಸೀಸೆ ಇಳಿಯಿತು. ಟೈಲರಕ್ಕ ಮಹಡಿಯಿಂದ ಹಗ್ಗದ ಮೇಲಿನ ಚೌಕಗಳನ್ನೆಲ್ಲ ಎಳೆದುಕೊಂಡು ಒಳಗೆ ಓಡಿದಳು. ಇವರು ಬೂಟು ಬಿಚ್ಚಿ ಸೀದಾ ಅಡುಗೆಮನೆಗೆ ಬಂದು ಕುರ್ಚಿಯಲ್ಲಿ ಕುಸಿದರು. ಬಚ್ಚಲ ಬಾಗಿಲು ಅವರ ಬೆನ್ನ ಹಿಂದೆ. ಒಳಗೆ ನೀರಿನ ಸದ್ದು ನಿಂತಿತು.

"ಒಂದು ಲೋಟ ನೀರು ಕೊಡು."

ಕೊಟ್ಟೆ. ಅವರ ಮುಖದಲ್ಲಿ ಬೇಟೆಯ ಉತ್ಸಾಹ ಇರಲಿಲ್ಲ. ಮುಖ ಬಾಡಿತ್ತು.

"ನಮ್ಮ ಬೀದೀನೇ. ಮೊನ್ನೆ ಹಿಡಿದ ನೀರಿನ ಪರೀಕ್ಷೆ ಆಯ್ತು. ಕಡಿಮೆ ಆಗುತ್ತೆ ಅಂದ್ಕೊಂಡಿದ್ದೆ, ಎಷ್ಟೋ ಪಟ್ಟು ಜಾಸ್ತಿ ಆಗಿದೆ. ಒಂದು ಮಗು ಇಷ್ಟು ಹಾಕೋಕೆ ಸಾಧ್ಯ ಇಲ್ಲ. ಹರಡ್ತಾ ಇದೆ."

ಅದು ಹರಡಿದ್ದಲ್ಲ, ನನ್ನ ಬಕೆಟ್ಟು!

"ಪರದೇಶದ ಲ್ಯಾಬು ಏನನ್ನುತ್ತೆ?" ಅಂದೆ.

"ಉತ್ತರ ಇನ್ನೂ ಬಂದಿಲ್ಲ. ನಾನು ಕಾಯಲ್ಲ. ಬೀದಿ ಕೊನೇಲಿ ಶಾಲೆ ಇದೆ. ಸಂಜೆ ರೇಡಿಯೋದಲ್ಲಿ ಹೇಳಿಸ್ತೀನಿ, ಶಾಲೆ ಮುಚ್ಚಿಸ್ತೀನಿ, ಊರಿನ ಅಷ್ಟೂ ಮಕ್ಕಳಿಗೆ ಪರೀಕ್ಷೆ. ಲೋಕಕ್ಕೆಲ್ಲ ವರದಿ ಹೋಗುತ್ತೆ. ಹೋಗ್ಲಿ."

"ಖಾತ್ರಿ ಆಗದೇನೇ?"

ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ನೋಡುತ್ತಾ ಕೂತರು. "ನನಗೆ ಖಾತ್ರಿ ಆಗೋ ಹೊತ್ತಿಗೆ ಒಂದು ಮಗು ಕುಂಟಿದ್ರೆ ಆ ಖಾತ್ರಿ ತಗೊಂಡು ಏನು ಮಾಡ್ಲಿ? ಇದನ್ನ ನನಗೆ ಒಬ್ಬಳು ಆವತ್ತೇ ಹೇಳಿದ್ಲು. ನಾನು ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ಮನೆಯಿಂದ ಕಳಿಸಿದೆ." ಲೋಟ ಕೆಳಗಿಟ್ಟರು. "ಅವಳು ಹೇಳಿದ್ದು ಸರಿ ಇತ್ತು ಕಣೇ."

ಇಂಥ ಮಾತು ಕೇಳಲು ನಾನು ಎಷ್ಟು ವರ್ಷದಿಂದ ಕಿವಿ ತೆರೆದುಕೊಂಡು ಕೂತಿದ್ದೆನೋ. ಆದರೆ ಸಂತೋಷಪಡುವ ಹಾಗೂ ಇಲ್ಲ. ಸಂಜೆಯೊಳಗೆ ಊರಿನ ತಾಯಂದಿರೆಲ್ಲ ಮಕ್ಕಳನ್ನು ಅವುಚಿಕೊಂಡು ಅಳುತ್ತಾರೆ, ಅದೂ ನನ್ನ ಒಗೆತಕ್ಕೆ. ಮಗಳಿಗೆ ಕೊಟ್ಟ ಮಾತು ಹಾಳಾಗಲಿ ಎಂದು ಬಾಯಿ ತೆರೆದೆ. ನನಗಿಂತ ಮುಂಚೆ ಬಚ್ಚಲ ಬಾಗಿಲು ತೆರೆಯಿತು.

ಮಗಳು ನಿಂತಿದ್ದಳು. ತೋಳೆಲ್ಲ ಒದ್ದೆ, ಎದೆಗೆ ಟವೆಲಿನಲ್ಲಿ ಸುತ್ತಿದ ಗುಂಡ, ಕಣ್ಣು ಕೆಂಪು.

"ಹೇಳಿಸಬೇಡಿ ಅಪ್ಪಾ" ಅಂದಳು. "ಇನ್ನೂ ಖಾತ್ರಿ ಆಗಿಲ್ಲ."

ಇವರು ತಿರುಗಿದರು. ಮಗಳನ್ನು ನೋಡಿದರು, ಮಗುವನ್ನು ನೋಡಿದರು, ಬಚ್ಚಲಿನ ಟಬ್ಬು ನೋಡಿದರು, ಟಬ್ಬಿನ ನೀರು ಸುಳಿ ಸುತ್ತಿ ಮೋರಿಗೆ ಇಳಿಯುತ್ತಿದ್ದುದನ್ನು ನೋಡಿದರು. ಊರಾಚೆಯ ತೊಟ್ಟಿಯಿಂದ ಒಂದೊಂದೇ ಮುಚ್ಚಳ ದಾಟಿಕೊಂಡು ಅವರ ತಲೆ ನಮ್ಮ ಬಚ್ಚಲಿಗೆ ಬಂದು ತಲುಪಿದ್ದು ನನಗೆ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ತಿಳಿಯಿತು. ಅಷ್ಟು ವರ್ಷದ ಮೌನದ ಮೇಲೆ ಈ ಮನುಷ್ಯ ಮಗಳಿಗೆ ಮೊದಲು ಏನು ಹೇಳುತ್ತಾರೆ?

"ಹನಿ ಯಾವತ್ತು ಹಾಕಿಸಿದ್ದು?" ಎಂದು ಕೇಳಿದರು.

"ಹೊರಡೋ ಹಿಂದಿನ ವಾರ."

"ಹಳೇ ಹನಿನಾ, ಹೊಸ ಹನಿನಾ?"

"ಹೊಸದು. ಸುಲಭಕ್ಕೆ ಬದಲಾಗಲ್ಲ ಅದು."

"ಬೇರೆ ಮಕ್ಕಳ ಜೊತೆ ಬಿಟ್ಟಿದ್ಯಾ?"

"ಇಲ್ಲ. ಟೈಲರಕ್ಕನ ಮಹಡಿ ಬಿಟ್ರೆ ಈ ಮನೆ, ಅಷ್ಟೇ."

"ಹಾಗಾದ್ರೆ ಈ ವಾರ ಯಾಕೆ ಜಾಸ್ತಿ ಆಯ್ತು?"

"ಅದೇ ನನಗೂ ಅರ್ಥ ಆಗ್ತಿಲ್ಲ. ನಾನು ಎಲ್ಲ ಕಸಕ್ಕೇ ಹಾಕಿದ್ದೆ. ಇಷ್ಟೊತ್ತಿಗೆ ಇಳೀಬೇಕಿತ್ತು."

ಅಪ್ಪ, ಮಗಳು ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು. ಒಂದೇ ಥರ ಹುಬ್ಬು ಗಂಟು ಹಾಕಿಕೊಂಡು. ನನಗೆ ಎಲ್ಲಿತ್ತೋ ಸಿಟ್ಟು, ಕೈಯಲ್ಲಿದ್ದ ಪಾತ್ರೆಯನ್ನು ಕಟ್ಟೆಯ ಮೇಲೆ ಕುಕ್ಕಿದೆ.

"ಹೌದು, ನಾನೇ ಒಗೆದೆ! ಬೇಕೂಂತಲೇ ಒಗೆದೆ! ಮತ್ತೇನು ಮಾಡ್ಬೇಕಿತ್ತು? ಇವಳಿಗೆ ನೀವು ಕರೀಬೇಕು, ನಿಮಗೆ ಇವಳು ಬರಬೇಕು. ಊರಿನ ಪಾಯಿಖಾನೆ ಮಾತೆಲ್ಲ ನಿಮ್ಮ ಕಿವಿಗೆ ಬೀಳುತ್ತೆ, ಹೆಂಡತಿ ಮಾತು ಬೀಳಲ್ಲ. ಅದಕ್ಕೇ ಮೋರೀಲೇ ಹೇಳಿ ಕಳಿಸಿದೆ. ಮಗು ಬಂದು ಇಷ್ಟು ದಿನ ಆಯ್ತು, ಅಜ್ಜನಿಗೆ ಮುಖ ತೋರಿಸೋಕಾಗಲಿಲ್ಲ. ಈಗ ಎದುರಿಗೆ ನಿಂತಿದ್ದಾಳೆ, ಹೇಗಿದ್ದೀಯಾ ಅಂತ ಕೇಳೋದು ಬಿಟ್ಟು ಯಾವ ಹನಿ ಅಂತ ಕೇಳ್ತೀರಲ್ಲ, ನಿಮ್ಮಿಬ್ಬರಿಗೂ ನಾಚಿಕೆ ಆಗಲ್ವಾ?"

ಅತ್ತುಬಿಟ್ಟೆ. ಇಂಥ ಹೊತ್ತಿನಲ್ಲಿ ಅಳಬಾರದು ಅಂದುಕೊಂಡಿದ್ದೆ, ಆಗಲಿಲ್ಲ. ಗುಂಡನಿಗೆ ಪಾತ್ರೆಯ ಸದ್ದು ಬಹಳ ಹಿಡಿಸಿತು, ಇನ್ನೊಮ್ಮೆ ಕುಕ್ಕು ಅನ್ನುವ ಹಾಗೆ ಕೈ ಬಡಿದು ಕೇಕೆ ಹಾಕಿದ. ಇವರು ಮೆಲ್ಲಗೆ ಎದ್ದರು.

"ಇಲ್ಲಿ ಕೊಡು ಅವನನ್ನ."

"ಮೊದಲು ಕೈ ತೊಳ್ಕೊಳ್ಳಿ!" ಎಂದು ನಾನೂ ಮಗಳೂ ಒಟ್ಟಿಗೆ ಕೂಗಿದೆವು.

ತೊಳೆದುಕೊಂಡರು, ಮೊಣಕೈ ದಾಟಿ ಭುಜದವರೆಗೆ ತೊಳೆದುಕೊಂಡರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಅದು ಮೊದಲು ಕನ್ನಡಕ ಕಿತ್ತಿತು, ಆಮೇಲೆ ಮೂಗು ಹಿಡಿಯಿತು. ಇವರ ಕಣ್ಣಿಂದ ನೀರು ಇಳಿದು ಮೀಸೆಯವರೆಗೆ ಬಂತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. "ನಾನೇ ಕರೀಬೇಕಿತ್ತು" ಎಂದರು, ಮಗಳಿಗಲ್ಲ, ಮಗುವಿಗೆ. "ನಿಮ್ಮಮ್ಮನ್ನ ನಾನೇ ಕರೀಬೇಕಿತ್ತು ಕಣಪ್ಪಾ. ಏನ್ ಮೇಡಮ್ಮು, ಹೌದೋ ಅಲ್ವೋ?" ಮಗಳು ಬಂದು ಅಪ್ಪನ ಭುಜಕ್ಕೆ ಹಣೆ ಒತ್ತಿ ನಿಂತಳು. ಗುಂಡ ಒಂದು ನಿಮಿಷ ಗಂಭೀರವಾದ, ಮುಖ ಕೆಂಪಗೆ ಮಾಡಿಕೊಂಡ, ಅಜ್ಜನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ತನ್ನ ಕೆಲಸ ಮುಗಿಸಿ ನಿರಾಳವಾಗಿ ನಕ್ಕ.

ನಾನು ಬಟ್ಟೆ ತರಲು ಓಡಿದೆ. "ಒರೆಸಬೇಡ! ಮುಟ್ಟಬೇಡ!" ಎಂದು ಇವರು ಕೂಗಿ, ಕಿಟಕಿಯ ಕಡೆ ತಿರುಗಿ, "ಡ್ರೈವರೇ, ಒಂದು ಸೀಸೆ ತಗೊಂಬನ್ನಿ!" ಅಂದರು. ಡ್ರೈವರು ಬಂದು ನೋಡಿ, ಸಾಹೇಬರನ್ನೂ ಮಗುವನ್ನೂ ಪ್ಯಾಂಟನ್ನೂ ನೋಡಿ, ಸೀಸೆಯ ಮುಚ್ಚಳ ತೆಗೆದು ಹಿಡಿದ. ಇಷ್ಟು ತಾಜಾ ಮಾದರಿ ಲ್ಯಾಬಿಗೆ ಯಾವತ್ತೂ ಬಂದಿರಲಿಲ್ಲವಂತೆ.

ಅಪ್ಪ, ಮಗಳು ಇಬ್ಬರೂ ಅದೇ ವ್ಯಾನಿನಲ್ಲಿ ಸೀಸೆ ಹಿಡಿದುಕೊಂಡು ಲ್ಯಾಬಿಗೆ ಹೋದರು. ಮಗುವನ್ನು ನನ್ನ ಕೈಗೆ ಹಾಕಿ, ಊಟ ಕೂಡ ಮಾಡದೆ, ಹಿಂತಿರುಗಿಯೂ ನೋಡದೆ ಹೋದರು. ಗುಂಡ ನಿದ್ದೆ ಮಾಡಿದ. ಮೂಲೆಯ ಮೋರಿಯಲ್ಲಿ ಸಿಕ್ಕಿದ್ದೂ ಮಗುವಿನದೂ ಒಂದೇ ಎಂದು ಅಲ್ಲಿನ ಬೇಗದ ಪರೀಕ್ಷೆಯಲ್ಲೇ ತಿಳಿಯಿತಂತೆ. ರೇಡಿಯೋದವರನ್ನು ಬೇಡ ಅಂದು ವಾಪಸ್ ಕಳಿಸಿದರಂತೆ. ಮೇಲಿನವರಿಗೆ ಫೋನು ಮಾಡಿ ಮೂಲ ನಮ್ಮ ಮನೆಯೇ, ನನ್ನ ಮೊಮ್ಮಗನೇ ಎಂದು ಇವರು ಒಪ್ಪಿಕೊಂಡಾಗ ಆ ಕಡೆಯಿಂದ ಬಂದ ನಗು ಲ್ಯಾಬಿನವರಿಗೆಲ್ಲ ಕೇಳಿಸಿತಂತೆ. ಇದೆಲ್ಲ ಡ್ರೈವರು ಆಮೇಲೆ ಹೇಳಿದ್ದು. ಇವರಿಬ್ಬರಿಗೆ ಹೇಳಲು ಪುರಸೊತ್ತೆಲ್ಲಿ?

ಯಾಕೆಂದರೆ ಸಂಜೆ ವ್ಯಾನು ಬೀದಿಗೆ ತಿರುಗುವ ಮುಂಚೆಯೇ ಇವರ ದನಿ ಕೇಳುತ್ತಿತ್ತು. ಇಳಿಯುವಾಗಲೂ ಜಗಳ, ಗೇಟು ತೆಗೆಯುವಾಗಲೂ ಜಗಳ.

"ಬೀದಿಯವರಿಗೆ ಹೇಳಲೇಬೇಕಪ್ಪಾ. ಮುಚ್ಚಳ ತೆಗೆದಿದ್ದು ಎಲ್ಲರೂ ನೋಡಿದ್ದಾರೆ. ಸುಮ್ಮನಿದ್ರೆ ತಾವೇ ಏನೇನೋ ಕಟ್ಕೋತಾರೆ."

"ಬೀದಿವರೆಗೆ, ಬಾಗಿಲವರೆಗೆ ಅಲ್ಲ! ಯಾರ ಮನೆ ಅಂತ ಹೇಳೋ ಹಾಗಿಲ್ಲ."

"ನಮ್ಮ ಮನೇನೇ ಅಲ್ವಾ? ನಾವೇ ಹೇಳಿದ್ರೆ ಯಾರು ಬೇಡ ಅಂತಾರೆ?"

"ನಾನು ಬೇಡ ಅಂತೀನಿ! ನನ್ನ ಮೊಮ್ಮಗನ ಹೊಟ್ಟೆ ಸಮಾಚಾರ ರೇಡಿಯೋದಲ್ಲಿ ಬರಕೂಡದು!"

"ಹಾಗಾದ್ರೆ ಬೇರೆಯವರ ಮಕ್ಕಳದು ಬಂದ್ರೆ ಪರವಾಗಿಲ್ವಾ?"

"ಲೇ, ಇವಳಿಗೆ ನೀನಾದ್ರೂ ಬುದ್ಧಿ ಹೇಳು!" ಎಂದು ಇವರು ನನ್ನನ್ನು ಕರೆದರು. "ಅಮ್ಮಾ, ಇವರಿಗೆ ನೀನೇ ಹೇಳು!" ಎಂದು ಅವಳೂ ಕರೆದಳು. ನಾನು ಇಬ್ಬರಿಗೂ ತಟ್ಟೆ ಹಾಕಿದೆ. ಊಟದಲ್ಲೂ ಜಗಳ ನಿಲ್ಲಲಿಲ್ಲ. ಇವರು ಮೇಜು ಗುದ್ದಿದರು, ಅವಳು ಕುರ್ಚಿ ಹಿಂದಕ್ಕೆ ನೂಕಿ ಎದ್ದು ನಿಂತಳು, ಮತ್ತೆ ಕೂತು ಇನ್ನೊಂದು ಸಲ ಬಡಿಸಿಕೊಂಡಳು.

ಹಿಂದಿನ ಜಗಳವನ್ನೂ ಕೇಳಿದ್ದವಳು ಟೈಲರಕ್ಕ. ಪಾಪ, ಹೆದರಿ ನಮ್ಮ ಕಿಟಕಿಯ ಹತ್ತಿರ ಬಂದು ನಿಂತಳು. ಕೈಯಲ್ಲಿ ಮಗಳ ಪೆಟ್ಟಿಗೆ.

"ಏನ್ರೀ ಇದು, ಬೀದಿಗೆಲ್ಲ ಕೇಳ್ತಾ ಇದೆ! ಮತ್ತೆ ಜಗಳಾನಾ? ಮತ್ತೆ ಮನೆ ಬಿಟ್ಟು ಹೊರಟ್ಲಾ?"

ಒಳಗೆ ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಿದ್ದರು. ನಾನು ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದು ಪೆಟ್ಟಿಗೆಗೆ ಕೈ ಚಾಚಿದೆ.

"ಇಲ್ಲ ಕಣಕ್ಕಾ" ಅಂದೆ. "ಈಗ ಮನೆಗೆ ಬಂದಿದ್ದಾಳೆ."